ವರ್ನ್ ಮೆಚ್ಚಿದ ಕ್ಯಾಚರ್

“ಗ್ಯಾರೆಟ್‌ನ ಈ ವಾರ ಮೇಲಿನ ತಂಡಕ್ಕೆ ಕರೆಸು. ಇಲ್ಲದಿದ್ರೆ ನಾನು ಕೆಲಸ ಬಿಡ್ತೀನಿ,” ಎಂದ ವರ್ನ್ ಟಾಲ್ಮನ್, ಕುರ್ಚಿ ಎಳೆದುಕೊಳ್ಳುವ ಮೊದಲೇ.

ಮೇಜಿನಾಚೆ ಕುಳಿತಿದ್ದ ಪೌಲಾ ಡ್ರೆಸ್ಕಿಯ ಮುಖ ಬಿಳುಚಿತು. ಇಂಡಿಯಾನಾಪೊಲಿಸ್ ಹೆರನ್ಸ್ ಬೇಸ್‌ಬಾಲ್ ಕ್ಲಬ್ಬಿನ ಜನರಲ್ ಮ್ಯಾನೇಜರ್ ಅವಳು. ಯಾವ ಆಟಗಾರನನ್ನು ಕೊಳ್ಳಬೇಕು, ಯಾವನನ್ನು ಸಾಗಹಾಕಬೇಕು ಎಂದು ತೀರ್ಮಾನಿಸುವವಳು. ತಂಡದ ಅತಿ ದುಬಾರಿ ಪಿಚರ್ ಬಿಟ್ಟುಹೋಗುತ್ತೇನೆಂದಾಗಲೂ ಚೂಯಿಂಗ್ ಗಮ್ ಅಗಿಯುವುದನ್ನು ನಿಲ್ಲಿಸಿದವಳಲ್ಲ. ಈಗ ನಿಲ್ಲಿಸಿದಳು.

ವರ್ನ್‌ಗೆ ಒಳಗೊಳಗೇ ಖುಷಿಯಾಯಿತು. ಅವನು ಕ್ಲಬ್ಬಿನ ಹಿರಿಯ ಸ್ಕೌಟ್. ಊರೂರು ಅಲೆದು, ಮೈದಾನದ ಬೇಲಿಗೊರಗಿ, ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ, ಯಾವ ಹುಡುಗನಲ್ಲಿ ಎಷ್ಟು ಆಟವಿದೆ ಎಂದು ಹೇಳುವುದು ಅವನ ಕೆಲಸ. ಬೇರೆ ಕ್ಲಬ್ಬುಗಳು ಮುದಿ ಸ್ಕೌಟ್‌ಗಳನ್ನು ಮನೆಗೆ ಕಳಿಸಿ, ಆ ಕುರ್ಚಿಗಳಲ್ಲಿ ಅಂಕಿಅಂಶ ಲೆಕ್ಕಹಾಕುವ ಕಂಪ್ಯೂಟರ್ ಹುಡುಗರನ್ನು ಕೂರಿಸಿದ್ದವು. ಹೆರನ್ಸ್‌ನಲ್ಲೂ ಅಂಥ ಹುಡುಗರಿದ್ದರು. ಆದರೆ ವರ್ನ್ ಬಾಯಿ ತೆರೆದರೆ ಅವರೂ ಕಿವಿ ನಿಮಿರಿಸಿ ಕೂರುತ್ತಿದ್ದರು. ಸಂಬಳ ವರ್ಷವರ್ಷವೂ ಏರುತ್ತಿತ್ತು. ವಿಮಾನದಲ್ಲಿ ಕಾಲು ಚಾಚುವ ಸೀಟು. ಕ್ಲಬ್ಬು ಪ್ರಶಸ್ತಿ ಗೆದ್ದಾಗ ಆಟಗಾರರಿಗೆ ಕೊಟ್ಟಂಥದೇ ಉಂಗುರ.

ಕೊರಗು ಒಂದೇ. ಅವನು ಮನಸಾರೆ ಮೆಚ್ಚಿದ ಆಟಗಾರರು ಯಾಕೋ ಇಲ್ಲಿ ನಿಲ್ಲುತ್ತಿರಲಿಲ್ಲ. ಬೇರೆ ಕ್ಲಬ್ಬುಗಳ ಪಾಲಾಗಿ ಅಲ್ಲಿ ಹಾಳಾಗುತ್ತಿದ್ದರು. ಅಲ್ಲಿನ ತರಬೇತಿ ಸರಿಯಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ಅವನು ಬೇಡವೆಂದವರು ಇಲ್ಲಿ ಸೇರಿ ಪಂದ್ಯ ಗೆಲ್ಲಿಸುತ್ತಿದ್ದರು. ಅದು ಅದೃಷ್ಟ. ಅದೃಷ್ಟಕ್ಕೆ ಸ್ಕೌಟ್ ಹೊಣೆಯಲ್ಲ.

ಗ್ಯಾರೆಟ್ ಅವನ ಅಳಿಯ. ಅಯೋವಾದಲ್ಲಿದ್ದ ಕ್ಲಬ್ಬಿನ ಕೆಳತಂಡದಲ್ಲಿ ಕ್ಯಾಚರ್ ಆಗಿ ಕೊಳೆಯುತ್ತಿದ್ದ. ಪಿಚರ್ ಎಸೆದ ಚೆಂಡು ಹಿಡಿಯುವುದು, ಮುಂದಿನ ಬೇಸಿಗೆ ಕದ್ದು ಓಡುವ ಎದುರಾಳಿಯನ್ನು ಅಲ್ಲಿಗೆ ಚೆಂಡೆಸೆದು ಔಟ್ ಮಾಡಿಸುವುದು ಕ್ಯಾಚರ್‌ನ ಕೆಲಸ. ವರ್ನ್ ಪ್ರತಿ ಸಲವೂ ಅವನ ಹೆಸರು ಹೇಳುತ್ತಿದ್ದ. ಪ್ರತಿ ಸಲವೂ ಇನ್ಯಾರೋ ಮೇಲೇರುತ್ತಿದ್ದರು. ಮೊನ್ನೆ ಮಗಳು ಬೆತ್ ಫೋನಿನಲ್ಲಿ ಅತ್ತಿದ್ದಳು. “ಆಟ ಬಿಟ್ಟು ಟೈರ್ ಅಂಗಡಿ ಸೇರ್ತಾನಂತೆ ಡ್ಯಾಡಿ. ಒಂದೇ ಒಂದು ಸಲ ದೊಡ್ಡ ಮೈದಾನದಲ್ಲಿ ಆಡಿದ್ರೆ ಸಾಕಿತ್ತು ಅವನಿಗೆ. ಅಷ್ಟೂ ನಿನ್ನ ಕೈಲಾಗಲ್ವಾ?” ನಿನ್ನೆ ಹೆರನ್ಸ್‌ನ ಕ್ಯಾಚರ್ ಹೆಬ್ಬೆರಳು ಮುರಿದುಕೊಂಡಿದ್ದ. ಜಾಗ ಖಾಲಿ ಬಿದ್ದಿತ್ತು.

“ನೀವು ಹೋದ್ರೆ ಈ ಕ್ಲಬ್ ಉಳಿಯಲ್ಲ ವರ್ನ್,” ಎಂದಳು ಪೌಲಾ. ದನಿಯಲ್ಲಿ ನಾಟಕವಿರಲಿಲ್ಲ. “ನಿಮ್ಮನ್ನ ಕೇಳದೆ ನಾವು ಒಬ್ಬ ಆಟಗಾರನನ್ನೂ ತಗೊಂಡಿಲ್ಲ.”

“ಕೇಳ್ತೀಯ ಮಗೂ. ಕೇಳಿ ಏನು ಮಾಡ್ತೀಯ ಅನ್ನೋದೇ ನಂಗೆ ಗೊತ್ತಾಗಲ್ಲ.”

“ಸರಿ. ಅಳಿಯ ಅನ್ನೋದು ಬಿಟ್ಟು ಹೇಳಿ. ಗ್ಯಾರೆಟ್ ಹೇಗೆ?”

“ಕೈ ಅಂದ್ರೆ ಚಿನ್ನ. ಬೇಸ್ ಕದಿಯೋಕೆ ಓಡೋನು ತಲುಪೋ ಹೊತ್ತಿಗೆ ಚೆಂಡು ಅಲ್ಲಿ ಕಾಯ್ತಾ ಕೂತಿರತ್ತೆ.”

ಪೌಲಾ ನಿಟ್ಟುಸಿರಿಟ್ಟಳು. “ಅಷ್ಟು ನಂಬಿಕೆ ಇದೆಯಾ?”

“ನನ್ನ ಮಗಳೇ ಆರಿಸಿದ ಹುಡುಗ. ಅವಳಿಗೆ ನನ್ನ ಕಣ್ಣೇ ಬಂದಿರೋದು.”

“ಅದೇ ತಂಡದಲ್ಲಿ ಪೆನ್ಯಾ ಅಂತ ಇನ್ನೊಬ್ಬ ಕ್ಯಾಚರ್ ಇದಾನಲ್ಲ?”

“ಅವನಾ? ಆ ಜಾಗದಲ್ಲಿ ಒಂದು ಫ್ರಿಜ್ ಇಟ್ರೂ ಅವನಿಗಿಂತ ಚುರುಕಾಗಿರತ್ತೆ.”

ಅವಳ ಮುಖ ಅರಳಿತು. ಎದ್ದು ಬಂದು ಅವನ ಕೈ ಕುಲುಕಿದಳು. “ನಿಮ್ಮಂಥೋರು ಇನ್ನೊಬ್ಬರಿಲ್ಲ. ಮನೆಗೆ ಹೋಗಿ ವರ್ನ್. ನಾನು ನೋಡ್ಕೋತೀನಿ.”

ವರ್ನ್ ಗೆದ್ದವನಂತೆ ಹೊರಬಿದ್ದ. ಲಿಫ್ಟಿನ ಬಳಿ ಒಂದು ಯೋಚನೆ ಬಂತು: ಈ ಸುದ್ದಿಯನ್ನು ಬೆತ್‌ಗೆ ತಾನೇ ಹೇಳಬೇಕು, ಕ್ಲಬ್ಬಿನವರು ಮೊದಲೇ ಫೋನ್ ಮಾಡಿ ಕೆಡಿಸಬಾರದು. ತಿರುಗಿ ನಡೆದ. ಬಾಗಿಲು ಅರ್ಧ ತೆರೆದಿತ್ತು. ಪೌಲಾ ಫೋನಿನಲ್ಲಿದ್ದಳು.

“ಪೆನ್ಯಾಗೆ ಟಿಕೆಟ್ ಮಾಡ್ಸು. ಹೌದು, ವರ್ನ್ ಚೆನ್ನಾಗಿ ಬೈದ್ರು. ಅಳಿಯನ್ನ? ಪಾಪ, ಬಾಯ್ತುಂಬ ಹೊಗಳಿದ್ರು, ಇನ್ನೇನು ನೋಡೋದು ಅವನಲ್ಲಿ. ಏನು, ಮುದುಕನ್ನ ಕಳಿಸಿಬಿಡೋದಾ? ನಿಂಗೆ ತಲೆ ಕೆಟ್ಟಿದೆಯಾ? ನಾಣ್ಯ ಚಿಮ್ಮಿದ್ರೂ ಅರ್ಧ ಸಲ ಸರಿ ಬರತ್ತೆ ಕಣೋ. ಈ ಮನುಷ್ಯ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಸರಿ ಹೇಳಿಲ್ಲ. ಅಂಥ ಕಣ್ಣು ನಿಂಗೆಲ್ಲಿ ಸಿಗತ್ತೆ?”

ವರ್ನ್ ಗೋಡೆಗೆ ಕೈ ಊರಿದ. ಸಂಬಳ, ಸೀಟು, ಬೆರಳಲ್ಲಿದ್ದ ಉಂಗುರ, ಎಲ್ಲದರ ಅರ್ಥವೂ ಒಟ್ಟಿಗೆ ಹೊಳೆಯಿತು. ಕಿವಿ ಬಿಸಿಯಾಯಿತು. ಕ್ಲಬ್ಬಿನ ಕೋಟು ಕಿತ್ತೆಸೆದು ಹೋಗಿಬಿಡೋಣ ಎನಿಸಿತು. ಆಮೇಲೆ ಬೆತ್ ಅತ್ತದ್ದು ನೆನಪಾಯಿತು. ಗಂಟಲು ಸರಿಮಾಡಿಕೊಂಡು ಬಾಗಿಲು ತಟ್ಟಿದ.

“ಒಂದು ಮಾತು ಮಗೂ. ಗ್ಯಾರೆಟ್ ವಿಷಯ ನಿಂಗೆ ಸುಳ್ಳು ಹೇಳಿದೆ, ಮಗಳ ಮುಖ ನೋಡಿ. ನಿಜ ಹೇಳ್ಬೇಕಂದ್ರೆ ಅವನು ಕೆಲಸಕ್ಕೆ ಬಾರದೋನು. ಎಸೆದ ಚೆಂಡು ಎತ್ತ ಹೋಗತ್ತೋ ಅವನಿಗೇ ಗೊತ್ತಿರಲ್ಲ.”

ಪೌಲಾ ಫೋನನ್ನು ಮೆಲ್ಲನೆ ಕೆಳಗಿಟ್ಟಳು. “ಅಷ್ಟು ನಂಬಿಕೆ ಇದೆಯಾ?”

“ಪೆನ್ಯಾನೇ ವಾಸಿ,” ಎಂದ ವರ್ನ್.

ಶುಕ್ರವಾರ ಗ್ಯಾರೆಟ್ ದೊಡ್ಡ ಮೈದಾನಕ್ಕಿಳಿದ. ಬೆತ್ ಮೊದಲ ಸಾಲಿನಲ್ಲಿ ಕೂತು, ಹಾಟ್ ಡಾಗ್ ತಿನ್ನುವುದನ್ನೂ ಮರೆತು ಕೈ ಬೀಸಿದಳು. ಎದುರಾಳಿಗಳು ಸಂತೆಗೆ ಹೋಗುವವರಂತೆ ಆರಾಮಾಗಿ ಬೇಸ್ ಕದ್ದರು. ಗ್ಯಾರೆಟ್‌ನ ಒಂದು ಎಸೆತ ಅವನದೇ ತಂಡದ ಪಿಚರ್‌ನ ಬೆನ್ನಿಗೆ ಬಿತ್ತು, ಇನ್ನೊಂದು ಗ್ಯಾಲರಿಗೆ ಹೋಗಿ ಯಾರದೋ ಬಿಯರ್ ಚೆಲ್ಲಿತು.

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ವರ್ನ್ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಹೀಗೆ ಸರಿ ಹೇಳತೊಡಗಿದವನನ್ನು ಕಟ್ಟಿಕೊಂಡು ಏನು ಮಾಡುವುದೆಂದು ಸೋಮವಾರ ಪೌಲಾ ಅವನನ್ನು ಕೆಲಸದಿಂದ ತೆಗೆದಳು.