ಬಡಾವಣೆಯ ವೀರಪುತ್ರಿ

"ಆಂಟಿ, ಪ್ಲೀಸ್, ಅದನ್ನ ಈಗಲೇ ತೆಗೆಸಿ," ಎಂದಳು ನಿಲೂಫರ್. ಪಾರ್ಕಿನ ಗೇಟಿಗೆ ಕಟ್ಟಿದ್ದ ಎಂಟಡಿ ಫ್ಲೆಕ್ಸಿನಲ್ಲಿ ಅವಳದೇ ಮುಖ ನಗುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಅವಳ ಹೆಸರು. ಅದರ ಕೆಳಗೆ, 'ಇರಾನ್ ಜನಕ್ರಾಂತಿಯ ಕಿಡಿ, ನಮ್ಮ ಬಡಾವಣೆಯ ವೀರಪುತ್ರಿಗೆ ಈ ಭಾನುವಾರ ಸಂಘದ ವಾರ್ಷಿಕೋತ್ಸವದಲ್ಲಿ ಸನ್ಮಾನ'. ಸುತ್ತಲೂ ಪುಟ್ಟ ಪುಟ್ಟ ವೃತ್ತಗಳಲ್ಲಿ ಹನ್ನೊಂದು ಜನ ಪದಾಧಿಕಾರಿಗಳು ಕೈಮುಗಿದು ನಿಂತಿದ್ದರು.

ಆ ಫೋಟೋ ಕೊಟ್ಟವರು ಗಿರಿಜಾದೇವಿಯವರೇ. ದೀಪಾವಳಿಗೆ ತಮ್ಮ ಇಳಕಲ್ ಸೀರೆ ಉಡಿಸಿ ತೆಗೆದದ್ದು. ಇರಾನಿನಿಂದ ಫಾರ್ಮಸಿ ಓದಲು ಬಂದು, ಮೂರು ವರ್ಷದಿಂದ ಅವರ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ ಹುಡುಗಿ, ಸಂಕ್ರಾಂತಿಗೆ ಅವರ ಜೊತೆ ಎಳ್ಳು ಬೀರಲು ಹೋಗುವಷ್ಟು ಮನೆಯವಳಾಗಿದ್ದಳು. ಸಂಘದ ಅಧ್ಯಕ್ಷ ಬಸವಲಿಂಗಪ್ಪನವರು "ಒಂದು ಒಳ್ಳೆ ಫೋಟೋ ಇದ್ರೆ ಕಳಿಸಿ" ಎಂದಾಗ, ಹೆಮ್ಮೆಯಿಂದ, ಅವಳನ್ನು ಒಂದು ಮಾತೂ ಕೇಳದೆ ಕಳಿಸಿಬಿಟ್ಟಿದ್ದರು.

"ಊರಲ್ಲಿ ನಿನ್ನ ತಮ್ಮನ ವಿಷ್ಯ ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿದರು.

"ಮೆರವಣಿಗೇಲಿ ಪೊಲೀಸರು ಹಿಡ್ಕೊಂಡು ಹೋಗಿ ಹದಿನಾರು ದಿನ ಆಯ್ತು ಆಂಟಿ. ಮೊನ್ನೆ ಅಮ್ಮ ಒಂದೇ ನಿಮಿಷ ಮಾತಾಡಿದ್ರು. 'ಇವನ ಅಕ್ಕ ಇಂಡಿಯಾದಲ್ಲಿ ಏನ್ ಮಾಡ್ತಾಳೆ' ಅಂತ ಕೇಳಿದ್ರಂತೆ. ಬರೀ ಓದ್ತಾಳೆ, ಬೇರೆ ಏನೂ ಗೊತ್ತಿಲ್ಲ ಅವಳಿಗೆ ಅಂದಿದಾರೆ. ನಾನು ಇನ್‌ಸ್ಟಾ ಕೂಡ ಕ್ಲೋಸ್ ಮಾಡಿದೀನಿ."

ಅವಳು ಅಳುತ್ತಿರಲಿಲ್ಲ. ನಿದ್ದೆಗೆಟ್ಟ ಆ ಕಣ್ಣುಗಳಿಗೆ ಅಳುವ ತ್ರಾಣವೂ ಉಳಿದಂತಿರಲಿಲ್ಲ.

ಬಸವಲಿಂಗಪ್ಪನವರು ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಆ ಬೆಂಚಿನ ಮೇಲೆ ಕೂತೇ ಅವರು ಎಷ್ಟೋ ಸರ್ಕಾರಗಳನ್ನು ಇಳಿಸಿದ್ದಾರೆ. ಕೊಲಂಬೊ ಆಯಿತು, ಢಾಕಾ ಆಯಿತು, ಕಠ್ಮಂಡು ಆಯಿತು. ಪ್ರತಿ ಸಲವೂ "ನೋಡ್ರೀ, ಜನ ಎದ್ರೆ ಹಿಂಗೆ" ಎಂದು ತೊಡೆ ತಟ್ಟಿ, ರಾಗಿ ಅಂಬಲಿ ಕುಡಿದು, ತಿಂಡಿಯ ಹೊತ್ತಿಗೆ ಮನೆ ಸೇರಿದ್ದಾರೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ದೂರದ ಹೋರಾಟ ಅದಕ್ಕಿಂತ ನುಣ್ಣಗೆ.

"ಹೆದರ್ಬೇಡಮ್ಮ," ಎಂದರು ಅವರು, ಎಲ್ಲ ಕೇಳಿಸಿಕೊಂಡ ಮೇಲೂ. "ಇದು ಬಸವೇಶ್ವರನಗರ. ಅಲ್ಲಿಂದ ಯಾರು ಬಂದು ನೋಡ್ತಾರೆ? ಇಡೀ ಬಡಾವಣೆ ನಿನ್ನ ಹಿಂದೆ ಇದೆ."

"ನನ್ನ ಹಿಂದೆ ಸರಿ ಸಾರ್. ಅವನ ಹಿಂದೆ ಯಾರಿದಾರೆ?"

"ಹೋರಾಟ ಅಂದ್ಮೇಲೆ ಒಂದಿಷ್ಟು ತ್ಯಾಗ..."

ಗಿರಿಜಾದೇವಿಯವರಿಗೆ ರೇಗಿತು. ರೇಗುವುದಕ್ಕೂ ಅವರಿಗೆ ಈಚೆಗೆ ಸುಸ್ತು. "ಸಾರ್, ಎಮರ್ಜೆನ್ಸಿ ಟೈಮಲ್ಲಿ ನಮ್ಮಪ್ಪ ಹಳ್ಳಿ ಮೇಷ್ಟ್ರು. ಒಂದಿನ ಬಚ್ಚಲ ಒಲೆಗೆ ಕರಪತ್ರ ಹಾಕಿ ಸುಡ್ತಾ ಇದ್ರು, ನಾನೇ ನೋಡಿದೀನಿ. ಬೈಯೋರಿಗೆ ಅವರು ಅಷ್ಟು ಹೆದರ್ತಿರ್ಲಿಲ್ಲ. ಬೀದೀಲಿ ನಿಂತು ಯಾರಾದ್ರೂ 'ಭೇಷ್ ಮೇಷ್ಟ್ರೇ' ಅಂದ್ರೆ ಆವತ್ತು ರಾತ್ರಿ ಊಟ ಮಾಡ್ತಿರ್ಲಿಲ್ಲ. ಈ ಮಗೂಗೆ ನಿಮ್ಮ ಭೇಷ್ ಬೇಡ. ತೆಗೀರಿ ಅದನ್ನ."

ಬಸವಲಿಂಗಪ್ಪನವರು ಕೆಟ್ಟವರಲ್ಲ. ಎದ್ದು ಮಾಲಿಯ ಹತ್ತಿರ ಕತ್ತರಿ ಇಸಿದುಕೊಂಡು, ಎಪ್ಪತ್ತರ ವಯಸ್ಸಿನಲ್ಲಿ ತಾವೇ ಸ್ಟೂಲು ಹತ್ತಿ ನಾಲ್ಕೂ ಹಗ್ಗ ಕತ್ತರಿಸಿದರು. ಮುಖ ಒಳಗಾಗುವಂತೆ ಫ್ಲೆಕ್ಸನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಾಗ ಅವರ ಕಣ್ಣು ನಿಜಕ್ಕೂ ತೇವವಾಗಿತ್ತು. "ತಪ್ಪಾಯ್ತು ಕಣಮ್ಮ. ನನಗೂ ಮಕ್ಕಳಿದಾರೆ. ನೀನು ಧೈರ್ಯವಾಗಿರು, ನಮ್ಮವರಿಗೆಲ್ಲ ನಾನು ಹೇಳ್ತೀನಿ," ಎಂದರು.

ಮನೆಗೆ ಬಂದು ಗಿರಿಜಾದೇವಿ ಉಪ್ಪಿಟ್ಟು ಮಾಡಿದರು. ಎಷ್ಟೋ ದಿನಗಳ ಮೇಲೆ ಹುಡುಗಿ ಎರಡು ತುತ್ತು ತಿಂದಳು.

"ಫೋಟೋ ಕೊಟ್ಟೋಳು ನಾನೇ ಕಣೇ," ಎಂದರು ಅವರು, ಅವಳ ಮುಖ ನೋಡದೆ.

"ಗೊತ್ತು ಆಂಟಿ. ನಿಮ್ಮ ಫೋನಲ್ಲಿ ಬಿಟ್ರೆ ಅದು ಬೇರೆಲ್ಲೂ ಇರ್ಲಿಲ್ಲ."

ತಟ್ಟೆಯ ಪಕ್ಕದಲ್ಲೇ ತೋಳಿನ ಮೇಲೆ ತಲೆಯಿಟ್ಟು, ಕೂತಲ್ಲೇ ನಿದ್ದೆ ಹೋದಳು. ಪಾಪ, ಇದೊಂದಾದರೂ ದಡ ಸೇರಿತಲ್ಲ ಎಂದುಕೊಂಡು ಗಿರಿಜಾದೇವಿ ಫ್ಯಾನು ಹಾಕಿದರು.

ಅರ್ಧ ಗಂಟೆಯ ಮೇಲೆ ಫೋನು ನೋಡಿದರೆ ಮುನ್ನೂರ ನಲವತ್ತು ಜನರಿರುವ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅಧ್ಯಕ್ಷರ ಮೆಸೇಜು. 'ಆತ್ಮೀಯರೇ, ಕೆಳಗಿನ ಫೋಟೋದಲ್ಲಿರುವ ಇರಾನ್ ದೇಶದ ನಿಲೂಫರ್ ಅವರ ತಮ್ಮ ಅಲ್ಲಿನ ಜೈಲಿನಲ್ಲಿದ್ದಾರೆ. ಅವರ ಸುರಕ್ಷತೆಯ ದೃಷ್ಟಿಯಿಂದ ದಯವಿಟ್ಟು ಈ ಫೋಟೋವನ್ನು ಯಾರೂ ಯಾರಿಗೂ ಕಳಿಸಬೇಡಿ.' ಕೆಳಗೆ ಫೋಟೋ ಇತ್ತು, ಫ್ಲೆಕ್ಸಿನಲ್ಲಿದ್ದದ್ದಕ್ಕಿಂತ ಸ್ಪಷ್ಟವಾಗಿ. ಅದರ ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು.

ಗಿರಿಜಾದೇವಿ ಬಸವಲಿಂಗಪ್ಪನವರ ನಂಬರ್ ಹುಡುಕುತ್ತಿದ್ದರು. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿರುವ ತಂಗಿಯಿಂದ ಅದೇ ಮೆಸೇಜು, ಅದೇ ಫೋಟೋ ಬಂತು. ಕೆಳಗೆ ಅವಳೇ ಒಂದು ಸಾಲು ಬರೆದಿದ್ದಳು:

'ಅಕ್ಕಾ, ಈಕಿ ನಿಮ್ಮನಿ ಹುಡುಗಿ ಅಲ್ಲೇನು? ಪಾಪ. ಯಾರಿಗೂ ಕಳಸಬ್ಯಾಡ.'