ಬದುಕಿರುವ ಅಳಿಯನಿಗೆ ಅಳುಹಾಡು

"ಅಯ್ಯೋ ನನ್ನ ವಿತೊಮಿರಾ, ಮಣ್ಣು ಸೇರಿಬಿಟ್ಯೇನೋ! ನೀನು ಕೂತೂ ಕೂತೂ ಗುಂಡಿ ಬಿದ್ದ ಸೋಫಾನ ಇನ್ನು ಯಾರಪ್ಪಾ ತುಂಬ್ತಾರೆ!"

ವಿತೊಮಿರ್ ಬೆಚ್ಚಿಬಿದ್ದು ಕಣ್ಣು ಬಿಟ್ಟ. ಎದುರಿಗೆ ಹಾವಿನಂಥ ರಸ್ತೆ. ರಸ್ತೆಯ ಮಗ್ಗುಲಲ್ಲೇ ಕಂದರ, ಅದರ ತಳದಲ್ಲಿ ತಾರಾ ನದಿ. ಪಕ್ಕದಲ್ಲಿ ಅತ್ತೆ ಸ್ತಾನಾ. ಕಪ್ಪು ತಲೆವಸ್ತ್ರ, ರಸ್ತೆಯಿಂದ ಕದಲದ ನೋಟ, ಬಾಯಿ ತುಂಬ ಅಳಿಯನ ಸಾವು.

"ಅತ್ತೆ, ನಾನಿನ್ನೂ ಸತ್ತಿಲ್ಲ."

"ತೂಕಡಿಸಿದ್ರೆ ಸಾಯ್ತೀಯ. ನಾವೂ ಸಾಯ್ತೀವಿ. ಆಮೇಲೆ ನಿಂಗೆ ಅಳೋಕೆ ನಾನೆಲ್ಲಿರ್ತೀನಿ? ಅದಕ್ಕೇ ಈಗಲೇ ಮುಗಿಸ್ತಿದೀನಿ."

ಸ್ತಾನಾ ತನ್ನೂರಿನ ಸುತ್ತಲ ಹಳ್ಳಿಗಳಿಗೆಲ್ಲ ಅಳುಹಾಡಿನವಳು. ಸಾವಿನ ಮನೆಯಲ್ಲಿ ಅವಳು ಶವಪೆಟ್ಟಿಗೆಯ ಪಕ್ಕ ನಿಂತು ಬಾಯಿ ತೆಗೆದಳೆಂದರೆ, ಸತ್ತವನಿಗೆ ಶಾಪ ಹಾಕಲು ಬಂದವರೂ ಕರ್ಚೀಫು ಹುಡುಕುತ್ತಿದ್ದರು. ಆ ಕಸುಬಿನಲ್ಲಿ ಅವಳಿಗಿದ್ದ ಒಬ್ಬಳೇ ಎದುರಾಳಿ ಗೋಸ್ಪಾವಾ. ಯಾರು ಮೊದಲು ಸಾಯುತ್ತಾರೋ ಅವರಿಗೆ ಇನ್ನೊಬ್ಬಳು ಹಾಡಬೇಕು ಎಂದು ಇಬ್ಬರೂ ಹರೆಯದಲ್ಲೇ ಮಾತು ಕೊಟ್ಟುಕೊಂಡಿದ್ದರು. ನಿನ್ನೆ ಗೋಸ್ಪಾವಾ ಹೋದಳು. ಇವತ್ತು ಸಂಜೆಯೊಳಗೆ ಊರಲ್ಲಿ ಮಣ್ಣು. ಸ್ತಾನಾ ಇದ್ದದ್ದು ಮಗಳ ಮನೆಯಲ್ಲಿ, ಸುಬೋತಿತ್ಸಾದಲ್ಲಿ, ಪಕ್ಕದ ದೇಶದ ಆ ತುದಿಗೆ. ಹೀಗಾಗಿ ಕೋಳಿ ಕೂಗುವ ಮೊದಲೇ ಕಾರು ಹೊರಟಿತ್ತು.

ಮಗಳು ದುಷಾಂಕಾ ವಾಂತಿ ಮಾತ್ರೆ ನುಂಗಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಬಿದ್ದುಕೊಂಡಿದ್ದಳು. ಈ ಪ್ರಯಾಣದಲ್ಲಿ ವಿತೊಮಿರನಿಗೆ ಇದ್ದದ್ದು ಒಂದೇ ಕೆಲಸ, ಕಣ್ಣು ತೆರೆದಿಟ್ಟುಕೊಳ್ಳುವುದು. ಅದೊಂದೇ ಅವನಿಗೆ ಹುಟ್ಟಿದಾಗಿನಿಂದ ಬಾರದ ವಿದ್ಯೆ.

ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಕೂತಿತ್ತು. ದಾರಿಯಲ್ಲಿ ತಿಂದ ಕುರಿಮಾಂಸ ಹೊಟ್ಟೆಯಲ್ಲಿ ಹಾಸಿಗೆ ಹಾಸಿತ್ತು. ಅವನು ತೊಡೆ ಚಿವುಟಿಕೊಂಡ. ಕೆನ್ನೆಗೆ ತಾನೇ ಬಾರಿಸಿಕೊಂಡ. ಹಸಿ ಬೆಳ್ಳುಳ್ಳಿ ಕಚ್ಚಿದ.

"ಅತ್ತೆ, ಎಲ್ಲಾದ್ರೂ ನಿಲ್ಲಿಸೋಣ. ಒಂದು ಕಾಫಿ ಕುಡಿದ್ರೆ ಹುಷಾರಾಗ್ತೀನಿ."

"ನಿಲ್ಲಿಸಿದ್ರೆ ಮಲಗ್ತೀಯ. ನಿನ್ನ ಮದುವೇಲಿ ಪಾದ್ರಿ ಮಂತ್ರ ಹೇಳ್ತಿದ್ದಾಗಲೇ ಗೊರಕೆ ಹೊಡೆದೋನು ನೀನು."

"ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಿದ್ದೆ!"

"ನಿನ್ನ ಕೈಲಿದ್ದ ಮೇಣದಬತ್ತಿ ಬಿದ್ದು ಪಾದ್ರಿ ಗಡ್ಡ ಹತ್ತಿಕೊಂಡಿತು ಕಣೋ."

ಹಿಂದಿನಿಂದ ದುಷಾಂಕಾ ಗೊಣಗಿದಳು. "ಅಮ್ಮಾ, ಮೆಲ್ಲಗೆ ಸಾಯ್ಸಮ್ಮ ಅವರನ್ನ. ನಿದ್ದೆ ಬರ್ತಿದೆ."

ಕೊಲಾಶಿನ್ ಪಟ್ಟಣ ದಾಟಿದ ಮೇಲೆ ಸ್ತಾನಾಳಿಗೆ ಏನಾಯಿತೋ, ಹಾಡಿನ ಧಾಟಿ ಬದಲಾಯಿತು. "ನನ್ನ ಸೊಂಟ ಮುರಿದಾಗ ಬೆನ್ನ ಮೇಲೆ ಹೊತ್ತು ಮೂರು ಮಹಡಿ ಹತ್ತಿಸಿದವನೇ! ಹೆತ್ತ ಮಗ ಫೋನೂ ಮಾಡದಿದ್ದಾಗ ಗಂಜಿ ಕುಡಿಸಿದವನೇ!"

ವಿತೊಮಿರ್ ಅತ್ತೆಯ ಕಡೆ ತಿರುಗಿದ. ಹದಿನೆಂಟು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ.

"ನಿಜಕ್ಕೂ ನಾನು ಅಷ್ಟು ಒಳ್ಳೆಯವನಾ ಅತ್ತೆ?"

"ಸತ್ತೋರ ಬಗ್ಗೆ ಹಾಗೇ ಹೇಳ್ಬೇಕು. ಸುಮ್ನಿರು."

ಆದರೂ ಅವನಿಗೆ ಹಿತವಾಯಿತು. ಎದೆ ಬೆಚ್ಚಗಾಯಿತು. ಅತ್ತೆಯ ದನಿ ಜೋಗುಳದಂತೆ ಇಳಿಯುತ್ತ ಹೋಯಿತು. ಅವನ ರೆಪ್ಪೆ ಜಾರಿತು. ಬಾಯಿ ತೆರೆಯಿತು. ಒಂದು ಸಣ್ಣ ಗೊರಕೆ ಹೊರಟಿತು, ಆಮೇಲೆ ದೊಡ್ಡದೊಂದು. ಹಾಡು ತೆಳ್ಳಗಾಗಿ ನಿಂತೇಹೋಯಿತು.

ಗರಗರಗರ! ಚಕ್ರಗಳು ರಸ್ತೆಯಂಚಿನ ಜಲ್ಲಿಗೆ ಇಳಿದಿದ್ದವು. ದುಷಾಂಕಾ ಕಿಟಾರನೆ ಕಿರುಚಿದಳು. ವಿತೊಮಿರನ ಬಲಗಾಲು ತಾನಾಗಿ ನೆಲಕ್ಕೆ ಒತ್ತಿತು. ಕೈಗೆ ಸಿಕ್ಕಿದ್ದನ್ನು ಬಿಗಿಹಿಡಿದ. ಕಂದರದ ಬಾಯಿ ಕಿಟಕಿಯ ತನಕ ಬಂದು ಹಿಂದೆ ಸರಿಯಿತು. ಕಾರು ಓಲಾಡಿ ಮತ್ತೆ ದಾರಿಗೆ ಹತ್ತಿತು.

"ಲೋ ಕೊಲೆಗಡುಕ!" ಸ್ತಾನಾ ಕೂಗಿದಳು. "ಮೂರು ಜೀವ ಹೋಗ್ತಿತ್ತಲ್ಲೋ! ಹೊಗಳಿದ್ರೆ ನಿದ್ದೆ ಹೋಗ್ತೀಯಾ? ಇರು, ಇನ್ಮೇಲೆ ಹೊಗಳಿಕೆಯೇ ಇಲ್ಲ."

"ತಪ್ಪಾಯ್ತು ಅತ್ತೆ, ತಪ್ಪಾಯ್ತು." ಅವನಿಗೆ ನಾಚಿಕೆಯಿಂದ ಅಳುವೇ ಬಂತು. ಹೆಂಡತಿಯ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಅಲ್ಲಿಂದ ಮುಂದೆ ಸ್ತಾನಾ ದಯೆ ದಾಕ್ಷಿಣ್ಯ ಬಿಟ್ಟು ಅವನನ್ನು ಹೂಳಿದಳು. ಬೊಕ್ಕತಲೆಯನ್ನು ಹೂಳಿದಳು, ಹೊಟ್ಟೆಯನ್ನು ಹೂಳಿದಳು, ಅರ್ಧಕ್ಕೆ ಬಿಟ್ಟ ಕೋಳಿಗೂಡನ್ನೂ ಹೂಳಿದಳು. ಎದುರಿನಿಂದ ಬಂದ ಲಾರಿಯೊಂದು, ಮುಂದೆ ಪೊಲೀಸರಿದ್ದಾರೆ ಎಂದು ದೀಪ ಮಿಣುಕಿಸಿತು. ಹಾಡಿನ ಭರದಲ್ಲಿ ಯಾರೂ ಗಮನಿಸಲಿಲ್ಲ.

ಪ್ಲಮ್ ಮರದ ಮರೆಯಿಂದ ಪೊಲೀಸಿನವನು ರಸ್ತೆಗೆ ಬಂದು ಕೈ ಅಡ್ಡ ಹಿಡಿದ. ಕಾರು ನಿಂತಿತು. ಅವನು ಕಿಟಕಿಗೆ ಬಗ್ಗಿದ.

"ಆ ತಿರುವಿನಿಂದ ಕೇಳಿಸ್ತಿತ್ತು. ಯಾರು ಸತ್ತಿದ್ದು?"

"ಇವನು," ಎಂದಳು ಸ್ತಾನಾ.

ಪೊಲೀಸಿನವನು ಶಿಲುಬೆಯ ಗುರುತು ಮಾಡಿಕೊಳ್ಳಲು ಹೋಗಿ ಕೈ ಅರ್ಧಕ್ಕೇ ನಿಲ್ಲಿಸಿದ. "ಲೈಸೆನ್ಸ್ ಕೊಡಿ."

ಆ ಪದ ಕೇಳಿದರೆ ಸಾಕು, ವಿತೊಮಿರ್ ಈಗಲೂ ಬೆದರುತ್ತಿದ್ದ. ಅವನ ಲೈಸೆನ್ಸ್ ಕಳೆದ ವಸಂತದಲ್ಲೇ ರದ್ದಾಗಿತ್ತು. ನಿದ್ದೆಗಣ್ಣಿನಲ್ಲಿ ಕಾರನ್ನು ನೇರ ಔಷಧಿ ಅಂಗಡಿಯೊಳಕ್ಕೆ ನುಗ್ಗಿಸಿದ್ದ. ಹಣೆಯಿಂದ ಬೆವರು ಇಳಿಯಿತು. ಪೊಲೀಸಿನವನು ಆ ಬೆವರನ್ನೇ ನೋಡುತ್ತ ನಿಂತ.

"ಅವನ ಮುಖ ಏನ್ ನೋಡ್ತೀಯಪ್ಪಾ, ಗಾಡಿ ಓಡಿಸ್ತಿರೋಳು ನಾನು," ಎನ್ನುತ್ತ ಸ್ತಾನಾ ಸ್ಟೀರಿಂಗಿನಿಂದ ಒಂದು ಕೈ ತೆಗೆದು ತನ್ನ ಲೈಸೆನ್ಸ್ ಚಾಚಿದಳು, "ಪಕ್ಕದಲ್ಲಿ ಕೂತು ಇವನು ಗೊರಕೆ ಹೊಡೆದ್ರೆ ನಂಗೂ ನಿದ್ದೆ ಬಂದ್ಬಿಡುತ್ತೆ."