ಓವನ್ನಿನಲ್ಲಿ ನೂರು ವರ್ಷ

ಚಿಕ್ಕಂದಿನಲ್ಲಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದರೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಎಳೆದ ವಾಸನೆ ಬರುತ್ತಿತ್ತು. ಓವನ್ನಿನ ಬಾಗಿಲು ತೆರೆಯುತ್ತಲೇ ಅದೇ ವಾಸನೆ ತಂಗಿಯ ಮುಖಕ್ಕೆ ರಾಚಿತು. ಕೈಗವಸು ಹಾಕಿದ ಕೈಯನ್ನು ಒಳಗೆ ಚಾಚಿ ಒಂದು ಸಿಡಿಯನ್ನು ಹೊರತೆಗೆದಳು.

ಸಿಡಿಗಳ ಆಯಸ್ಸು ಅಳೆಯುವ ಪ್ರಯೋಗಾಲಯ ಅದು. ಬಿಸಿ, ತೇವ ತುಂಬಿದ ಓವನ್ನಿನಲ್ಲಿ ಕೆಲವೇ ವಾರಗಳಲ್ಲಿ ಸಿಡಿಗೆ ನೂರು ವರ್ಷ ವಯಸ್ಸಾಗುತ್ತದೆ. ಆಮೇಲೂ ಅದರಲ್ಲಿದ್ದದ್ದು ಉಳಿದಿದ್ದರೆ ಗಟ್ಟಿ ಮಾಲು ಎಂದರ್ಥ. ಅಕ್ಕ ಅಲ್ಲಿನ ಮೇಲ್ವಿಚಾರಕಿ, ತಂಗಿ ಓವನ್ ತುಂಬುವವಳು. ಈ ಸಲ ಅವಳು ಕಣ್ತಪ್ಪಿನಿಂದ, ಅಕ್ಕನ ಮೇಜಿನ ಮೇಲಿದ್ದ ಸಿಡಿಯನ್ನೂ ಮಾದರಿಗಳ ಜೊತೆ ಒಳಗಿಟ್ಟುಬಿಟ್ಟಿದ್ದಳು. ಮೂವತ್ತು ತುಂಬುವ ಮೊದಲೇ ತೀರಿಕೊಂಡ ಅಮ್ಮನ ದನಿ ಉಳಿದಿದ್ದದ್ದು ಅದೊಂದರಲ್ಲೇ. ಗೊತ್ತಾಗುವ ಹೊತ್ತಿಗೆ ಓವನ್ ಶುರುವಾಗಿತ್ತು; ನಡುವೆ ಬಾಗಿಲು ತೆರೆದರೆ ಮಿಕ್ಕೆಲ್ಲ ಸಿಡಿಗಳ ಪರೀಕ್ಷೆಯೂ ಕೆಡುತ್ತದೆಂದು ಹಾಗೇ ಬಿಡಬೇಕಾಯಿತು.

“ಇನ್ನು ನೂರು ವರ್ಷ ನಿನ್ನ ಜೊತೆ ಮಾತಾಡಲ್ಲ, ನೋಡ್ತಿರು!” ಎಂದು ಅಕ್ಕ ಅಂದೇ ಮಾತು ಬಿಟ್ಟಿದ್ದಳು. ತಂಗಿಯ ಕೈಗವಸನ್ನು ದಿನವೂ ಒಣಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ.

“ನೂರು ವರ್ಷ ಆಯ್ತಲ್ಲ ಅಕ್ಕ,” ಎಂದಳು ತಂಗಿ, ಸಿಡಿಯನ್ನು ಮುಂದೆ ಹಿಡಿಯುತ್ತಾ. “ಈಗಲಾದ್ರೂ ಮಾತಾಡು.”

ಅಕ್ಕ ಅದನ್ನು ಪ್ಲೇಯರಿಗೆ ಹಾಕಿದಳು. ಸ್ವಲ್ಪ ಹೊತ್ತು ಬರೀ ಕರಕರ ಸದ್ದು.

“ಕಿತ್ತಾಡ್ಬೇಡ್ರೇ... ಇಬ್ಬರೂ ಇಲ್ಲಿ ಬನ್ನಿ...”

ಮಾತು ಅದೇ. ದನಿ ಮಾತ್ರ ಹಣ್ಣು ಹಣ್ಣು ಮುದುಕಿಯದು. ಹಲ್ಲಿಲ್ಲದ ಬಾಯಿಂದ ಗಾಳಿ ಸೋರುತ್ತಿತ್ತು, ನಡುನಡುವೆ ಕೆಮ್ಮು.

“ಏನೋ ಹೇಳ್ತಿದ್ದೆನಲ್ಲ...” ಅಮ್ಮ ತಡವರಿಸಿದಳು. ಈ ಮಾತು ಮೊದಲು ಸಿಡಿಯಲ್ಲಿ ಇರಲೇ ಇಲ್ಲ. “ಮರೆತೇ ಹೋಯ್ತು ನೋಡು.”

“ಪರವಾಗಿಲ್ಲಮ್ಮ, ನಿಧಾನಕ್ಕೆ ನೆನಪು ಮಾಡ್ಕೋ,” ಎಂದಳು ಅಕ್ಕ, ಪ್ಲೇಯರಿನ ಕಡೆ ಬಾಗಿ. ಎದ್ದುಹೋಗಿ, ಗಾಳಿ ಬೀಸುತ್ತಿದ್ದ ಕಿಟಕಿ ಮುಚ್ಚಿ ಬಂದಳು.

ತಂಗಿಯ ಕಣ್ಣು ತುಂಬಿತು. “ಅಮ್ಮನ್ನ ಮುದುಕಿ ಮಾಡ್ಬಿಟ್ಟೆನಲ್ಲ ಅಕ್ಕ...”

ಅಕ್ಕ ತನ್ನ ಊಟದ ಡಬ್ಬಿ ಬಿಚ್ಚಿ, ಒಂದು ತುತ್ತು ಅನ್ನವನ್ನು ಬೆರಳಿನಲ್ಲಿ ಮೆತ್ತಗೆ ಕಿವುಚಿ, ಮುಚ್ಚಳದ ಮೇಲೆ ಹಾಕಿ ಪ್ಲೇಯರಿನ ಪಕ್ಕ ಇಟ್ಟಳು. ಉಳಿದದ್ದನ್ನು ಡಬ್ಬಿ ಸಮೇತ ತಂಗಿಯ ಕೈಗೆ ಕೊಟ್ಟಳು.